ಜ್ವಾಲಾಮುಖಿಗೆ ಬ್ಯಾಟರಿ ಹೊರುವ ರುಬಿಯೆಮ್

ಬೆಳಗಿನ ಐದೂಕಾಲು. ಎರಡನೇ ಪೆಟ್ಟಿಗೆಯ ಮುಂದೆ ರುಬಿಯೆಮ್ ಮಂಡಿಯೂರಿ ಕೂತಿದ್ದಾರೆ. ಜಾರಿಕ್ ಬಟ್ಟೆಯಲ್ಲಿ ಬೆನ್ನಿಗೆ ಬಿಗಿದ ಹದಿನಾಲ್ಕು ಕಿಲೋ ಬ್ಯಾಟರಿ ಇನ್ನೂ ಇಳಿದಿಲ್ಲ. ಮೊದಲು ಸೋಲಾರ್ ಫಲಕ, ಆಮೇಲೆ ಬೆನ್ನು. ಫಲಕದ ಮೇಲೆ ಬೂದಿ ತೆಳ್ಳಗೆ ಕೂತಿದೆ. ಅವರು ಸೊಂಟದ ಬಾಟಲಿ ತೆಗೆದು ನೀರನ್ನು ಫಲಕದ ನೆತ್ತಿಯಿಂದ ನಿಧಾನವಾಗಿ ಇಳಿಬಿಡುತ್ತಾರೆ. ಬೂದಿ ಕೆಸರಾಗಿ ಜಾರಿದ ಮೇಲಷ್ಟೇ ಬಟ್ಟೆ ಮುಟ್ಟಿಸುತ್ತಾರೆ.

"ಒಣಗಿದ್ದಾಗ ಒರೆಸಿದ್ರೆ ಗಾಜೆಲ್ಲ ಗೀಚಿ ಹೋಗುತ್ತೆ. ಇದು ಒಲೆ ಬೂದಿ ಅಲ್ಲ, ಪುಡಿ ಮಾಡಿದ ಕಲ್ಲು" ಎನ್ನುತ್ತಾರೆ. ಬಾಟಲಿಯಲ್ಲಿ ಉಳಿದ ನೀರನ್ನು ಕುಡಿಯುವುದಿಲ್ಲ. ಅದು ನಾಲ್ಕನೇ ಪೆಟ್ಟಿಗೆಗೆ.

ಎರಡು ಕಿಲೋಮೀಟರ್ ಮೇಲೆ ಗುನುಂಗ್ ಜಾರಾನ್ ಬೆಟ್ಟ ಬಾಯಿ ತೆರೆದುಕೊಂಡೇ ಇದೆ. ಬಿಳಿ ಹೊಗೆ ನೇರವಾಗಿ ಏರಿ, ಗಾಳಿ ಸಿಕ್ಕ ಕಡೆ ಪಶ್ಚಿಮಕ್ಕೆ ತಿರುಗುತ್ತದೆ. ರುಬಿಯೆಮ್ ಅತ್ತ ಒಂದು ಸಲ ನೋಡುತ್ತಾರೆ, ಪಕ್ಕದ ಮನೆಯವರು ಎದ್ದರೋ ಇಲ್ಲವೋ ಎಂದು ನೋಡಿದ ಹಾಗೆ. ಹಳೆಯ ಬ್ಯಾಟರಿ ಕಳಚಿ ಹೊಸದನ್ನು ಕೂರಿಸುತ್ತಾರೆ. ಪೆಟ್ಟಿಗೆಯೊಳಗೆ ಸೇರಿಕೊಂಡ ಇರುವೆಗಳನ್ನು ಬೆರಳಿನಿಂದ ಆಯ್ದು ಹೊರಗೆ ಬಿಡುತ್ತಾರೆ. ಆಮೇಲೆ ವಾಕಿಟಾಕಿಯ ಗುಂಡಿ ಒತ್ತುತ್ತಾರೆ.

ಕೆಳಗೆ ಒಂಬತ್ತು ಕಿಲೋಮೀಟರ್ ದೂರದ ವೀಕ್ಷಣಾ ಠಾಣೆಯಲ್ಲಿ ಹಿರಿಯ ವೀಕ್ಷಕ ಪಾಕ್ ವಿರ್ಯಾದಿ ಕೂತಿದ್ದಾರೆ. ಇಲ್ಲಿ ಗಂಡಸರಿಗೆ ಪಾಕ್, ಹೆಂಗಸರಿಗೆ ಬೂ ಎನ್ನುವುದು ಮರ್ಯಾದೆ. "ಬೂ ರುಬಿ, ಎರಡು ಬಂತು. ಆದ್ರೆ ಗೆರೆ ಯಾಕೋ ಕುಣೀತಿದೆ. ಹಸು ಓಡಿಸಿ."

"ಇಲ್ಲಿ ಹಸು ಇಲ್ಲ ಪಾಕ್. ಅದು ನನ್ನ ಹೆಜ್ಜೆ."

"ಹಾಗಾದ್ರೆ ತೂಕ ಸ್ವಲ್ಪ ಇಳಿಸಿ."

"ಬ್ಯಾಟರಿ ಹೊರೋಕೆ ನೀವು ಬನ್ನಿ, ತಾನಾಗೇ ಇಳಿಯುತ್ತೆ."

ಈ ಬೆಟ್ಟದ ಮೈಮೇಲೆ ಇಂಥ ಐದು ಪೆಟ್ಟಿಗೆಗಳಿವೆ. ಒಂದು ನೆಲದ ನಡುಕ ಕೇಳುತ್ತದೆ, ಇನ್ನೊಂದು ಗಾಳಿಯಲ್ಲಿ ಗಂಧಕ ಎಷ್ಟಿದೆ ಎಂದು ಮೂಸುತ್ತದೆ, ಉಳಿದವು ನೆಲ ಎತ್ತ ವಾಲುತ್ತಿದೆ ಎಂದು ನೋಡುತ್ತವೆ. ಎರಡನೇ ಪೆಟ್ಟಿಗೆಗೆ ಎರಡು ಕೆಲಸ, ಕೇಳುವುದೂ ನೋಡುವುದೂ. ಮನುಷ್ಯ ಕೂತು ಕಾಯಲಾಗದ ಜಾಗದಲ್ಲಿ ಕೂತು ಅವು ಕಂಡದ್ದನ್ನೆಲ್ಲ ರೇಡಿಯೊ ಅಲೆಯಲ್ಲಿ ಕೆಳಗೆ ಕಳಿಸುತ್ತವೆ. ವಾಲುಮಾಪಕದ ಒಂದು ಗೀಟು ಎಂದರೆ ಒಂದು ಕಿಲೋಮೀಟರ್ ಉದ್ದದ ಹಲಗೆಯ ತುದಿಯನ್ನು ಒಂದು ಮಿಲಿಮೀಟರ್ ಎತ್ತಿದಷ್ಟು. ಅಷ್ಟು ಸಣ್ಣದನ್ನು ಹಿಡಿಯುವ ಪೆಟ್ಟಿಗೆಗೆ ಬೆಳಕು, ಬ್ಯಾಟರಿ, ಒರೆಸುವ ಕೈ ಬೇಕು. ಆ ಕೈ ಹನ್ನೊಂದು ವರ್ಷದಿಂದ ರುಬಿಯೆಮ್ ಅವರದು. ವಾರಕ್ಕೆ ಎರಡು ಸುತ್ತು, ಸುತ್ತಿಗೆ ಹದಿನಾರು ಕಿಲೋಮೀಟರ್. ವಯಸ್ಸು ನಲವತ್ತೊಂಬತ್ತು. ಓದಿದ್ದು ಐದನೇ ಕ್ಲಾಸು. ದಿನಗೂಲಿ ನೌಕರಿ.

ಪೆಟ್ಟಿಗೆ ಹೇಳಿದ್ದನ್ನು ಠಾಣೆ ಕೇಳುತ್ತದೆ. ಠಾಣೆ ಹೇಳಿದ್ದನ್ನು ಊರು ಕೇಳಬೇಕು. ಕಷ್ಟ ಇರುವುದು ಅಲ್ಲಿ. ಬೆಟ್ಟಕ್ಕೆ ಅತಿ ಹತ್ತಿರದ ಊರು ರುಬಿಯೆಮ್ ಅವರದೇ, ಕಾಲಿವಾತು. ಜನ ಮುನ್ನೂರ ನಲವತ್ತು, ಹಸುಗಳು ಅದಕ್ಕಿಂತ ಹೆಚ್ಚು. ಈ ಊರು ಮೂರು ವರ್ಷದಲ್ಲಿ ಎರಡು ಸಲ ಕೆಳಗಿಳಿದಿದೆ. ಮೊದಲ ಸಲ ರುಬಿಯೆಮ್ ಅವರ ತಪ್ಪಿನಿಂದ. ಎರಡನೇ ಸಲ ಇಳಿಯುವುದೇ ಇಲ್ಲ ಎಂದು ಹಟ ಹಿಡಿದು ಕೂತಿತ್ತು, ಅದೂ ಅದೇ ತಪ್ಪಿನಿಂದ.

ಈ ಕೆಲಸಕ್ಕೆ ಅವರು ಬಂದದ್ದೂ ಒಂದು ತಪ್ಪಿನ ಮೂಲಕವೇ. ಆಗ ಅವರು ಹುಲ್ಲು ಕೊಯ್ಯುತ್ತಿದ್ದರು. ಮಂಜಿನ ಬೆಳಗು, ಎದೆಯೆತ್ತರದ ಹುಲ್ಲು, ಕುಡುಗೋಲು ಬೀಸುತ್ತಾ ಹೋದಾಗ ಒಂದು ದಂಟು ಮಾತ್ರ ಬೇರೆಯದೇ ಸದ್ದು ಮಾಡಿತು. ನೋಡಿದರೆ ಕಪ್ಪು ಕೇಬಲ್. ಅದರ ಎರಡೂ ತುದಿ ಹಿಡಿದು ನೋಡಿದರು, ಹುಲ್ಲಿನ ಹೊರೆ ಮನೆಗೆ ಹಾಕಿದರು, ಮೋಟರ್‌ಬೈಕ್ ಹಿಂದೆ ಕೂತು ಠಾಣೆಗೆ ಹೋದರು.

"ಪಾಕ್ ವಿರ್ಯಾದಿ ಅವತ್ತು ಬೈಲಿಲ್ಲ. ಎಲ್ಲಿ ಕತ್ತರಿಸಿದ್ದು ಅಂತ ತೋರಿಸು ಅಂದ್ರು. ತೋರಿಸಿದೆ. ಸೇರಿಸೋದು ಹೇಗೆ ಅಂತ ನೋಡ್ಕೋ ಅಂದ್ರು. ನೋಡ್ಕೊಂಡೆ. ಮುಂದಿನ ವಾರ ಹಂದಿ ಕಚ್ಚಿ ಕೇಬಲ್ ಹೋದಾಗ ನನಗೇ ಹೇಳಿ ಕಳಿಸಿದ್ರು."

ವಿರ್ಯಾದಿಯವರು ಇದನ್ನು ಬೇರೆ ರೀತಿ ಹೇಳುತ್ತಾರೆ. "ಆ ಬೆಟ್ಟದ ಮೇಲೆ ಕೇಬಲ್ ಕತ್ತರಿಸಿದವರು ಎಷ್ಟೋ ಜನ. ಬಂದು ಹೇಳಿದವರು ಇವರೊಬ್ಬರೇ. ನನಗೆ ಎಂಜಿನಿಯರ್ ಬೇಕಿರಲಿಲ್ಲ. ಕಂಡದ್ದನ್ನ ಹೇಳೋರು ಬೇಕಿತ್ತು."

ಹಾಗಿದ್ದೂ ಒಂದು ಸಲ ಅವರು ಕಂಡದ್ದನ್ನು ಹೇಳಲಿಲ್ಲ.

ಮೂರನೇ ಪೆಟ್ಟಿಗೆ ಇದ್ದದ್ದು ಎಂಬಾಹ್ ದಿಪೊ ಅವರ ಕೋಸಿನ ಹೊಲದ ಮೂಲೆಯಲ್ಲಿ. ಎಂಬಾಹ್ ದಿಪೊ ಊರಿಗೆಲ್ಲ ಅಜ್ಜಿ. ಎಪ್ಪತ್ತಾರು ವರ್ಷ, ಮೂರು ಹಸು, ಹಲ್ಲು ಅಷ್ಟಿಲ್ಲ, ಮಾತು ಬೇಕಾದಷ್ಟಿದೆ. ವಾಲುಮಾಪಕಕ್ಕೆ ಜಾಗ ಕೇಳಿದಾಗ ಏನನ್ನೂ ಕೇಳದೆ ಕೊಟ್ಟವರು. ಎರಡು ವರ್ಷದ ಹಿಂದಿನ ಆಗಸ್ಟ್, ಇಲ್ಲಿ ಅದು ಚಳಿಯ ತಿಂಗಳು, ಬೆಟ್ಟದಲ್ಲಿ ಎಲೆಗಳ ಮೇಲೆ ಮಂಜು ಗಟ್ಟಿಯಾಗುವಷ್ಟು ಚಳಿ. ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುತ್ತಿದ್ದ ರುಬಿಯೆಮ್ ಹತ್ತಿರ ಅಜ್ಜಿ ಕೇಳಿದರು:

"ಇದಕ್ಕೆ ಚಳಿ ಆಗಲ್ವೇನೆ ಮಗಳೇ?"

"ಆಗುತ್ತೆ ಎಂಬಾಹ್. ರಾತ್ರಿ ನೆಲ ತಣ್ಣಗಾದ್ರೆ ಇದು ಸರಿಯಾಗಿ ಹೇಳಲ್ಲ."

ಇಷ್ಟೇ ಮಾತು. ರುಬಿಯೆಮ್ ಇಳಿದು ಹೋದರು. ಎಂಬಾಹ್ ದಿಪೊ ಯೋಚಿಸಿದರು. ಚಳಿಗಾಲದಲ್ಲಿ ಹುಟ್ಟಿದ ಕರುವಿಗೆ ಈ ಊರಿನಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಹಸಿ ಸಗಣಿಯನ್ನು ಬುಟ್ಟಿಯಲ್ಲಿ ಹೊತ್ತು ತಂದು ಪೆಟ್ಟಿಗೆಯ ಮೂರು ಕಡೆ ಸೊಂಟದೆತ್ತರಕ್ಕೆ ಪೇರಿಸಿ, ಮೇಲೆ ಹುಲ್ಲು ಹೊದಿಸಿದರು. ಹಸಿ ಸಗಣಿ ರಾಶಿ ಕಳಿಯುತ್ತಾ ಹೋದಂತೆ ಒಳಗೆ ಕೈಯಿಡಲಾಗದಷ್ಟು ಬಿಸಿಯಾಗುತ್ತದೆ. ಕೊಟ್ಟಿಗೆಯ ಕರು ಅದರ ಪಕ್ಕ ಮಲಗಿ ಬದುಕಿಕೊಳ್ಳುತ್ತದೆ. ವಾಲುಮಾಪಕ ಕರುವಲ್ಲ. ಮೂರು ಕಡೆ ಬೆಚ್ಚಗಾದ ನೆಲ ಕೂದಲೆಳೆಯಷ್ಟು ಉಬ್ಬಿತು, ನಾಲ್ಕನೇ ಕಡೆ ಉಬ್ಬಲಿಲ್ಲ. ಪೆಟ್ಟಿಗೆ ನಿಷ್ಠೆಯಿಂದ ವಾಲಿತು, ನಿಷ್ಠೆಯಿಂದ ವರದಿ ಮಾಡಿತು. ಹನ್ನೆರಡು ದಿನಕ್ಕೆ ನಲವತ್ತು ಗೀಟು.

ರುಬಿಯೆಮ್ ಆ ರಾಶಿಯನ್ನು ನಾಲ್ಕು ಸಲ ನೋಡಿದ್ದರು. ಮುಚ್ಚಳದ ಮೇಲೆ ಬಿದ್ದದ್ದನ್ನು ಗುಡಿಸಿಯೂ ಹಾಕಿದ್ದರು.

"ಹೇಳಬೇಕು ಅಂತ ಅನ್ನಿಸಲೇ ಇಲ್ಲ. ಹೊಲದಲ್ಲಿ ಸಗಣಿ ಇರೋದೂ ಒಂದು ಸುದ್ದಿಯಾ? ಕಾಲಿವಾತೂಲಿ ಸಗಣಿ ಇಲ್ಲದ ಜಾಗ ಅಂದ್ರೆ ಮಸೀದಿ ಒಳಗೆ ಮಾತ್ರ."

ಅದೇ ವಾರ ಬೆಟ್ಟದ ಒಳಗಿನಿಂದ ಕೆಲವು ಸಣ್ಣ ಕಂಪನಗಳೂ ಬಂದವು. ಎರಡನ್ನೂ ಸೇರಿಸಿ ನೋಡಿದ ಮೇಲಧಿಕಾರಿಗಳು ಎಚ್ಚರಿಕೆಯ ಮಟ್ಟ ಏರಿಸಿದರು. ಕಾಲಿವಾತು ಒಂಬತ್ತು ದಿನ ಕೆಳಗಿನ ಶಾಲೆಯ ಕೋಣೆಗಳಲ್ಲಿ ಮಲಗಿತು. ಗಂಡಸರು ಕದ್ದುಮುಚ್ಚಿ ಮೇಲೆ ಹೋಗಿ ಹಸುಗಳಿಗೆ ಹುಲ್ಲು ಹಾಕಿ ಬರುತ್ತಿದ್ದರು. ಊರಿನ ಮುಖ್ಯಸ್ಥ ಪಾಕ್ ದುಕುಹ್ ಅವರ ಹಸು ಯಾರೂ ಇಲ್ಲದಾಗ ಕರು ಹಾಕಿತು. ಕರು ಉಳಿಯಲಿಲ್ಲ. ಬೆಟ್ಟ ಮಾತ್ರ ತನ್ನ ಪಾಡಿಗೆ ಬಿಳಿ ಹೊಗೆ ಬಿಡುತ್ತಾ ಇತ್ತು.

ಹತ್ತನೇ ದಿನ ವಿರ್ಯಾದಿಯವರ ಜೊತೆ ಮೇಲೆ ಹೋದ ರುಬಿಯೆಮ್ ಆ ರಾಶಿಯೊಳಗೆ ಕೈ ಹಾಕಿ, ತಟ್ಟನೆ ಹಿಂದಕ್ಕೆಳೆದುಕೊಂಡರು. ಅಂಗೈ ಕೆಂಪಾಗಿತ್ತು. ಸಂಜೆ ಶಾಲೆಯ ಅಂಗಳದಲ್ಲಿ ರುಬಿಯೆಮ್ ಮೈಕ್ ಹಿಡಿದರು. ಅಜ್ಜಿಯ ಹೆಸರನ್ನು ಎತ್ತಲೇ ಇಲ್ಲ. "ಸಗಣಿ ಬಿಸಿಗೆ ನೆಲ ವಾಲಿದೆ. ನಾನು ನೋಡಿದ್ದೆ, ಹೇಳಲಿಲ್ಲ. ತಪ್ಪು ನಂದು" ಎಂದರು. ಬೈಗುಳಕ್ಕೆ ಸಿದ್ಧವಾಗಿಯೇ ಬಂದಿದ್ದರು. ಆದರೆ ಜನ ನಕ್ಕರು. ಮಕ್ಕಳಿಂದ ಮುದುಕರವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವರಿಗೆ ಊರಿನಲ್ಲಿ ಒಂದು ಬಿರುದು: ಸಗಣಿ ಜ್ಯೋತಿಷಿ.

"ಬೈದಿದ್ರೆ ನಿದ್ದೆ ಬರ್ತಿತ್ತು. ನಕ್ಕಿದ್ದಕ್ಕೆ ಬರಲಿಲ್ಲ. ನಗೋರು ಮುಂದಿನ ಸಲ ಎದ್ದು ನಿಲ್ಲಲ್ಲ ಅಂತ ಗೊತ್ತಾಯ್ತು."

ಕೆಲಸ ಬಿಡುತ್ತೇನೆಂದು ಠಾಣೆಗೆ ಹೋದರೆ ವಿರ್ಯಾದಿಯವರು ಸಿಹಿ ಚಹಾ ಮುಂದಿಟ್ಟು, "ಬಿಡಿ. ಆಮೇಲೆ ಬರೋರು ಸಗಣಿ ನೋಡ್ತಾರಾ?" ಎಂದರಂತೆ. ರುಬಿಯೆಮ್ ಚಹಾ ಕುಡಿದು ವಾಪಸ್ ಬೆಟ್ಟ ಹತ್ತಿದರು. ಅಂದಿನಿಂದ ಒಂದು ಹೊಸ ಪದ್ಧತಿ. ಯಾವ ಪೆಟ್ಟಿಗೆಗೆ ಹೋದರೂ ಅದರ ಸುತ್ತ ಇಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಸುತ್ತು ನಡೆಯುತ್ತಾರೆ, ಕಂಡದ್ದನ್ನೆಲ್ಲ ವಾಕಿಟಾಕಿಯಲ್ಲಿ ಹೇಳುತ್ತಾರೆ. ಹಸು ಕಟ್ಟಿದ ಹೊಸ ಗೂಟ, ಅಗೆದ ಗುಂಡಿ, ಬಿದ್ದ ಮರ, ನಿನ್ನೆ ಇಲ್ಲದ ಕಲ್ಲು, ಯಾರೋ ಬಿಟ್ಟು ಹೋದ ಚಪ್ಪಲಿ. ಠಾಣೆಯ ದಿನಚರಿಯಲ್ಲಿ ಈಗ ಅದಕ್ಕೆಂದೇ ಒಂದು ಅಂಕಣವಿದೆ. ಅದಕ್ಕೆ ಹೆಸರಿಲ್ಲ. ಎಲ್ಲರೂ ಅದನ್ನು ರುಬಿ ಎನ್ನುತ್ತಾರೆ.

ಈ ವರ್ಷದ ಮಾರ್ಚ್. ಮಂಗಳವಾರ ಬೆಳಗ್ಗೆ ಹತ್ತು ಗಂಟೆ. ಮಳೆ. ವಾಕಿಟಾಕಿ ಗೊರಗುಟ್ಟಿತು.

"ಬೂ, ಮೂರು ವಾಲ್ತಾ ಇದೆ. ನಿನ್ನೆಯಿಂದ ಹದಿನೇಳು ಗೀಟು. ಅಲ್ಲಿ ಸಗಣಿ ಇದೆಯಾ?"

ತಮಾಷೆ ಮಾಡುವ ಧ್ವನಿ ಅದಾಗಿರಲಿಲ್ಲ. ರುಬಿಯೆಮ್ ಮೂರನೇ ಪೆಟ್ಟಿಗೆಗೆ ಹೋಗಿ ಇಪ್ಪತ್ತು ಹೆಜ್ಜೆಯ ಸುತ್ತು ಹಾಕಿದರು. ಸಗಣಿ ಇಲ್ಲ, ಗುಂಡಿ ಇಲ್ಲ, ಗೂಟ ಇಲ್ಲ. ನೆಲಕ್ಕೆ ಅಂಗೈ ಒತ್ತಿದರು, ತಣ್ಣಗಿತ್ತು. ಆದರೆ ಒಂದೇ ಪೆಟ್ಟಿಗೆಯನ್ನು ನಂಬಿ ಊರನ್ನು ಎಬ್ಬಿಸುವ ಧೈರ್ಯ ಈಗ ಯಾರಿಗೂ ಇಲ್ಲ. ಬೆಟ್ಟದ ಹೊಟ್ಟೆ ನಿಜವಾಗಿ ಉಬ್ಬುತ್ತಿದ್ದರೆ ಅದರ ಇನ್ನೊಂದು ಮಗ್ಗುಲಲ್ಲಿರುವ ಎರಡನೇ ಪೆಟ್ಟಿಗೆಯೂ ಹೊರಕ್ಕೆ ವಾಲಬೇಕು. ಎರಡನೆಯದು ಎರಡು ದಿನದಿಂದ ಮೂಕವಾಗಿತ್ತು. ಮಳೆಗೆ ನೆನೆದ ಬೂದಿ ಫಲಕದ ಮೇಲೆ ಸಿಮೆಂಟಿನ ಹಾಗೆ ಕಚ್ಚಿಕೊಂಡು ಬ್ಯಾಟರಿ ಬರಿದಾಗಿತ್ತು.

"ಹೋಗ್ತೀನಿ" ಎಂದರು ರುಬಿಯೆಮ್.

"ಹೋಗಿ ಅಂತ ನಾನು ಹೇಳಲ್ಲ ಬೂ."

"ನೀವು ಹೇಳಿದ್ರಿ ಅಂತ ನಾನು ಯಾರಿಗೂ ಹೇಳಲ್ಲ. ಮೇಲೆ ಎಷ್ಟು ಹೊತ್ತು ಇರಬಹುದು ಅಷ್ಟು ಹೇಳಿ."

"ಕಾಲು ಗಂಟೆ. ಮೇಲೆ ಒಂದು ನಿಮಿಷ ಬೇಡ."

ಬ್ಯಾಟರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಜಾರಿಕ್‌ನಲ್ಲಿ ಬೆನ್ನಿಗೆ ಕಟ್ಟಿ ಹತ್ತಿದರು. ಕಾಲುದಾರಿ ತೊರೆಯಾಗಿತ್ತು. ಹುಲ್ಲಿನ ಹೊರೆ ಹೊತ್ತ ಬೆನ್ನಿಗೆ ತೂಕ ಹೊಸದಲ್ಲ, ಆದರೆ ಹುಲ್ಲು ಮೆತ್ತಗೆ ಒರಗುತ್ತದೆ, ಬ್ಯಾಟರಿಯ ಮೂಲೆ ಬೆನ್ನುಮೂಳೆ ಹುಡುಕುತ್ತದೆ. ಮೂಗಿಗೆ ಗಂಧಕ ಬಡಿದಾಗ ಒದ್ದೆ ಬಟ್ಟೆ ಕಟ್ಟಿಕೊಂಡರು. ತುಕ್ಕು ಹಿಡಿದ ತಂತಿಯ ತುದಿಗಳನ್ನು ಕುಡುಗೋಲಿನಿಂದ ಕೆರೆದು ಬ್ಯಾಟರಿ ಕೂರಿಸಿದರು. ಹಸಿರು ದೀಪ ಹತ್ತಿತು. ಅಲ್ಲಿ ಕಳೆದದ್ದು ಹನ್ನೊಂದು ನಿಮಿಷ. ಅರ್ಧ ದಾರಿ ಇಳಿದಿದ್ದಾಗ ವಾಕಿಟಾಕಿಯಲ್ಲಿ ವಿರ್ಯಾದಿಯವರ ಧ್ವನಿ ಬಂತು.

"ಎರಡೂ ಹೊರಕ್ಕೆ, ಬೂ. ಎರಡನೆಯದು ನಿಮ್ಮ ಕಣ್ಣೆದುರಿಗೇ ವಾಲ್ತಾ ಇತ್ತು. ಮೇಲಿನವರಿಗೆ ಕಳಿಸಿದ್ದೀನಿ. ನೀವು ಊರಿಗೆ ಓಡಿ."

ಮಟ್ಟ ಏರಿತು. ಊರು ಏಳಲಿಲ್ಲ.

ಮಾರನೇ ದಿನ ಬೆಳಗ್ಗೆ ಪಾಕ್ ದುಕುಹ್ ಅವರ ಅಂಗಳದಲ್ಲಿ ಜನ ಸೇರಿದರು. ಅಪಾಯದ ಸದ್ದು ಬಾರಿಸುವ ಮರದ ಕೆಂತೊಂಗನ್ ಜಗಲಿಯಲ್ಲಿ ತೂಗುತ್ತಿತ್ತು. ಕೋಲು ಪಾಕ್ ದುಕುಹ್ ಕೈಯಲ್ಲೇ ಇತ್ತು. ಬಾರಿಸಲಿಲ್ಲ. ಸತ್ತ ಕರುವನ್ನು ಅವರು ಮರೆತಿರಲಿಲ್ಲ.

ರುಬಿಯೆಮ್ ಅವರನ್ನು ಯೂ, ಅಂದರೆ ಅಕ್ಕ, ಎಂದು ಕರೆಯುವ ಹಾಲು ಸಂಗ್ರಹದ ಸುಗಿತೊ ಮೊದಲು ಬಾಯಿ ಬಿಟ್ಟ. "ಯೂ ರುಬಿ, ಈ ಸಲ ಯಾರ ಮನೆ ಹಸುವಿಂದು?"

ಅಂಗಳ ನಕ್ಕಿತು.

"ಯಾರದ್ದೂ ಅಲ್ಲ. ಎರಡು ಪೆಟ್ಟಿಗೆ ಒಂದೇ ಮಾತು ಹೇಳ್ತಿವೆ."

"ಹೋದ ಸಲ ಒಂದು ಹೇಳಿದ್ದಕ್ಕೆ ಒಂಬತ್ತು ದಿನ. ಈ ಸಲ ಎರಡು ಅಂದ್ರೆ ಹದಿನೆಂಟಾ?"

ರುಬಿಯೆಮ್ ಗೀಟಿನ ಲೆಕ್ಕ ಹೇಳಲು ಹೋಗಲಿಲ್ಲ. ಅವರಿಗೆ ಊರು ಗೊತ್ತು. "ನೀವು ಇಳೀಬೇಡಿ. ಹಸು ಮಾತ್ರ ಕಳಿಸಿ. ಮರಳು ಲಾರಿ ನಾಲ್ಕು ಹೇಳಿದ್ದೀನಿ, ಕೆಳಗಿನ ಸಂತೆ ಮೈದಾನದಲ್ಲಿ ಗೂಟ ಹೊಡೆಸಿದ್ದೀನಿ. ಹಾಲು ಅಲ್ಲೇ ಕರೀಬಹುದು. ಸುಗಿತೊ, ನಿನಗೂ ದಾರಿ ಉಳಿಯುತ್ತೆ" ಎಂದರು. ನಗು ಸ್ವಲ್ಪ ತಗ್ಗಿತು. ಆದರೂ ಯಾರೂ ಕದಲಲಿಲ್ಲ.

ಆಗ ಬೇಲಿಯಾಚೆಯಿಂದ ಎಂಬಾಹ್ ದಿಪೊ ಬಂದರು. ಮೊಣಕೈವರೆಗೆ ಕೆಸರು. ಸೀರೆಯಂಥ ಅವರ ಉಡುಗೆಯ ಅಂಚೆಲ್ಲ ಮಣ್ಣು. ಬೆಳಗಿನಿಂದ ಅವರು ಮೂರನೇ ಪೆಟ್ಟಿಗೆಯ ಸುತ್ತ ಕೈಯಲ್ಲೇ ನೆಲ ಅಗೆದು ನೋಡುತ್ತಿದ್ದರು.

"ಹೋದ ಸಲ ಸಗಣಿ ಹಾಕಿದ್ದು ನಾನು" ಎಂದರು. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ, ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. "ಈ ಹುಡುಗಿ ನನ್ನ ಹೆಸರು ಹೇಳಲಿಲ್ಲ. ಎರಡು ವರ್ಷ ನಿಮ್ಮ ನಗು ತಿಂದ್ಲು. ಈಗ ನಾನೇ ಹೋಗಿ ತೋಡಿ ನೋಡಿದ್ದೀನಿ. ಸಗಣಿ ಇಲ್ಲ, ಬಿಸಿ ಇಲ್ಲ. ಇನ್ನು ವಾಲ್ತಿರೋದು ಬೆಟ್ಟಾನೇ. ಲಾರಿ ಎಲ್ಲಿ? ನನ್ನ ಮೂರು ಮೊದಲು ಹತ್ತಲಿ."

"ಎಂಬಾಹ್, ನೀವೂ ಇಳೀತೀರಾ?" ಸುಗಿತೊ ಕೇಳಿದ.

"ನನ್ನ ಹಸು ನೀನು ಕರೆದ್ರೆ ಹಾಲು ಕೊಡುತ್ತೇನೋ ಮುಟ್ಠಾಳ?"

ಪಾಕ್ ದುಕುಹ್ ಎದ್ದು ಕೋಲು ಎತ್ತಿದರು. ಕೆಂತೊಂಗನ್ ಮೊಳಗಿತು.

ಬುಧವಾರ ಮತ್ತು ಗುರುವಾರ ಲಾರಿಗಳು ಇಪ್ಪತ್ತೆಂಟು ಸಲ ಹತ್ತಿ ಇಳಿದವು. ಹಸುಗಳು ಹೋದ ಮೇಲೆ ಜನ ಖಾಲಿ ಕೊಟ್ಟಿಗೆಗಳ ನಡುವೆ ಮಾಡಲು ಕೆಲಸವಿಲ್ಲದೆ ಸುತ್ತಾಡಿದರು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಅವರೂ ಒಬ್ಬೊಬ್ಬರಾಗಿ ಹಿಂದೆಯೇ ಇಳಿದರು. ರುಬಿಯೆಮ್ ಕೊನೆಯ ಲಾರಿ ಹತ್ತುವ ಮುಂಚೆ ತೊಂಬತ್ತಾರು ಮನೆಗಳ ಬಾಗಿಲನ್ನೂ ತಟ್ಟಿ ನೋಡಿದರು.

ಶುಕ್ರವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಗುನುಂಗ್ ಜಾರಾನ್ ತನ್ನ ದಕ್ಷಿಣದ ಅಂಚನ್ನು ಒಡೆದುಕೊಂಡಿತು. ಕುದಿವ ಬೂದಿಯ ಮೋಡ ಇಳಿಜಾರಿನಲ್ಲಿ ಉರುಳುತ್ತಾ ಬಂತು. ಊರಿನವರು ಅದನ್ನು ಜಡೆಗಟ್ಟಿದ ಕುರಿ ಎನ್ನುತ್ತಾರೆ, ಮಂದೆಯಂತೆ ಒಂದರ ಮೇಲೊಂದು ಬೀಳುತ್ತಾ ಬರುವುದಕ್ಕೆ. ಸಂತೆ ಮೈದಾನದಿಂದ ಎಲ್ಲರಿಗೂ ಕಾಣುತ್ತಿತ್ತು. ಹಸುಗಳು ಗೂಟ ಜಗ್ಗುತ್ತಿದ್ದವು. ಠಾಣೆಯಲ್ಲಿ ಮೂರನೇ ಪೆಟ್ಟಿಗೆಯ ಗೆರೆ ಒಂಬತ್ತು ಹದಿನಾಲ್ಕರವರೆಗೆ ಬಂತು, ಅಲ್ಲಿಗೆ ನಿಂತಿತು. ಕಾಲಿವಾತುವಿನ ಮೇಲಿನ ಕೇರಿಯ ಹದಿನೇಳು ಮನೆ, ಎಂಬಾಹ್ ದಿಪೊ ಅವರ ಕೋಸಿನ ಹೊಲ, ಕೊಟ್ಟಿಗೆ, ಎಲ್ಲ ಬೂದಿಯ ಕೆಳಗೆ ಹೋದವು. ಒಂದು ಜೀವವೂ ಹೋಗಲಿಲ್ಲ. ಮನುಷ್ಯರದ್ದೂ ಇಲ್ಲ, ಹಸುವಿನದ್ದೂ ಇಲ್ಲ.

ಈಗ ಜುಲೈ. ಊರು ವಾಪಸ್ ಬಂದಿದೆ, ಮೇಲಿನ ಕೇರಿಯವರು ಕೆಳಗೆ ಹೊಸ ಮನೆ ಕಟ್ಟುತ್ತಿದ್ದಾರೆ. ಮೂರನೇ ಪೆಟ್ಟಿಗೆಗೆ ನಾನೂರು ಮೀಟರ್ ಕೆಳಗೆ ಹೊಸ ಜಾಗ ಸಿಕ್ಕಿದೆ, ಈ ಸಲ ಕೊಟ್ಟವರು ಪಾಕ್ ದುಕುಹ್. ನಾಲ್ಕನೆಯದರ ಕೆಲಸ ಮುಗಿಸಿ ರುಬಿಯೆಮ್ ಅಲ್ಲಿಗೆ ಬರುವಾಗ ಎಂಟು ಗಂಟೆ. ಎಲೆಯಲ್ಲಿ ಕಟ್ಟಿ ತಂದ ಜೋಳದನ್ನ, ಸೋಯಾ ಕಾಳಿನ ತೆಂಪೆ, ಹಸಿಮೆಣಸು. ಮಂಡಿ ನೋಯುತ್ತದೆ, ಅದನ್ನು ಉಜ್ಜುತ್ತಲೇ ಉಣ್ಣುತ್ತಾರೆ. ಹಾಲಿನ ಕ್ಯಾನು ಹೇರಿಕೊಂಡ ಸುಗಿತೊ ಬೈಕ್ ನಿಧಾನ ಮಾಡುತ್ತಾನೆ.

"ಯೂ ರುಬಿ! ಇವತ್ತು ಏನಂತೆ?"

"ಸೊನ್ನೆ. ಹೋಗು, ಹಾಲು ಒಡೆಯುತ್ತೆ."

ಊರು ಈಗ ದಿನಾ ಕೇಳುತ್ತದೆ. ನೀರು ಹಿಡಿಯುವಲ್ಲಿ, ಮಸೀದಿಯ ಮೆಟ್ಟಿಲಲ್ಲಿ. ಸಗಣಿ ಜ್ಯೋತಿಷಿ ಎನ್ನುವುದನ್ನೂ ಬಿಟ್ಟಿಲ್ಲ. ರುಬಿಯೆಮ್ ಅವರಿಗೆ ಊರಿನ ಈ ನಂಬಿಕೆಯ ಮೇಲೆ ಪೂರ್ತಿ ಭರವಸೆಯೂ ಇಲ್ಲ. ಪೆಟ್ಟಿಗೆಗಳು ಇನ್ನೊಮ್ಮೆ ತಪ್ಪು ಹೇಳುತ್ತವೆ, ಖಂಡಿತ. ಸಿಡಿಲು ಬಡಿಯಬಹುದು, ಹಂದಿ ಅಗೆಯಬಹುದು, ಇನ್ನೊಬ್ಬ ಅಜ್ಜಿಗೆ ಇನ್ನೊಂದು ಕರುಣೆ ಹುಟ್ಟಬಹುದು. ಮತ್ತೆ ಊರು ಇಳಿಯುತ್ತದೆ, ಮತ್ತೆ ಏನೂ ಆಗುವುದಿಲ್ಲ. ಆಗ? ನಿಮಗೇನು ಬೇಕು ಎಂದು ಕೇಳಿದರೆ ರುಬಿಯೆಮ್ ಆ ದಿನದ ಬಗ್ಗೆಯೇ ಮಾತಾಡುತ್ತಾರೆ.

"ಆವತ್ತೂ ಇಳೀಬೇಕು. ಅದರ ಮುಂದಿನ ಸಲಾನೂ ಇಳೀಬೇಕು. ದಾರೀಲೆಲ್ಲ ನನ್ನ ಬೈಕೊಂಡೇ ಇಳೀಲಿ, ಕೆಳಗೆ ಹೋಗಿ ಒಂಬತ್ತು ದಿನ ಕೂತು ಬೈಲಿ. ಬೈತಿದ್ದಾರೆ ಅಂದ್ರೆ ಎಲ್ಲರೂ ಇದ್ದಾರೆ ಅಂತ ತಾನೆ."